ಗಲ್ಲೂರದ ಕಹಿ
ಸಾರ್ಡಿನಿಯಾ ದ್ವೀಪದ ಈಶಾನ್ಯ ಮೂಲೆಯ ಗಲ್ಲೂರದಲ್ಲಿ ಗ್ರಾನೈಟ್ ಸವೆದಾದ ಮರಳುಮಣ್ಣೇ ಹೆಚ್ಚು. ಅಲ್ಲಿನ ವರ್ಮೆಂಟೀನೋ ದ್ರಾಕ್ಷಿಯ ಬಿಳಿ ವೈನ್ 1996ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಪಡೆಯಿತು. ದರ್ಜೆ ಇರಲಿ, ನನ್ನ ಮೆಚ್ಚುಗೆಯೆಲ್ಲ ಗುಟುಕಿನ ಕೊನೆಯಲ್ಲಿ ಉಳಿಯುವ, ಬಾದಾಮಿ ಸಿಪ್ಪೆಯಂಥ ನಸುಗಹಿಗೆ. ಅದನ್ನು ದೋಷವೆನ್ನುವವರಿದ್ದಾರೆ, ಬರೀ ವೈನ್ ಕುಡಿಯುವವರಿಗೆ ಹಾಗನ್ನಿಸಿದರೆ ತಪ್ಪಲ್ಲ. ಊಟಕ್ಕೆ ಕೂತಾಗ ಮಾತ್ರ ಆ ವಾದ ನಿಲ್ಲದು. ಮುಲೆಟ್ ಮೀನಿನ ತತ್ತಿಯನ್ನು ಉಪ್ಪು ಹಚ್ಚಿ ಒಣಗಿಸಿದ ಬೊಟ್ಟಾರ್ಗವನ್ನು ಪಾಸ್ತಾದ ಮೇಲೆ ತುರಿದಾಗ ಉಪ್ಪು, ಎಣ್ಣೆ, ಕಡಲವಾಸನೆ ಒಟ್ಟಿಗೇ ಬಾಯಿ ತುಂಬುತ್ತವೆ. ಸಿಹಿಯತ್ತ ವಾಲುವ ವೈನ್ ಅಲ್ಲಿ ಸಪ್ಪೆ. ಈ ಕಹಿ ಜಿಡ್ಡು ಮುರಿದು ಮುಂದಿನ ತುತ್ತಿಗೆ ನಾಲಿಗೆಯನ್ನು ಸಜ್ಜುಗೊಳಿಸುತ್ತದೆ. ಮರುವಾಯಿಯೊಡನೆ ಬೇಯಿಸಿದ ಫ್ರೆಗೋಲಾ ಎಂಬ ಸಣ್ಣ ಗುಂಡು ಪಾಸ್ತಾಕ್ಕೂ ಇದೇ ಸರಿ. ಸುಟ್ಟ ಹಂದಿಮರಿಯ ಮಾಂಸಕ್ಕೆ ಬೇಡ, ಅದಕ್ಕೆ ದ್ವೀಪದ್ದೇ ಕೆಂಪು ವೈನ್ ಕನ್ನೊನಾವು ಇದೆ.