ಅಲಾರಂ ಸುಮ್ಮನಿರಿಸುವ ಕಸುಬು
ಕಾರಿಗೆ ಅಲಾರಂ ಕೂರಿಸುವುದಕ್ಕಿಂತ ಅದು ಸುಮ್ಮಸುಮ್ಮನೆ ಕೂಗದಂತೆ ನೋಡಿಕೊಳ್ಳುವುದೇ ದೊಡ್ಡ ಕಸುಬು. ಶಿವಮೊಗ್ಗ, ಭದ್ರಾವತಿಯ ಮಳೆಗೆ ಬಾನೆಟ್ ಸ್ವಿಚ್ಚು ತುಕ್ಕು ಹಿಡಿದರೆ, ಮುಚ್ಚಿದ ಬಾನೆಟ್ಟೂ ತೆರೆದಂತೆ ತೋರಿ ನಡುರಾತ್ರಿ ಬೀದಿಯೇ ಎದ್ದು ಕೂರುತ್ತದೆ. ಬಲ್ಲ ಎಲೆಕ್ಟ್ರಿಷಿಯನ್ ಸೈರನ್ ಮುಟ್ಟುವುದಿಲ್ಲ. ಮೊದಲು ಸ್ವಿಚ್ಚು, ಅರ್ತ್ ವೈರು ನೋಡುತ್ತಾನೆ. ಬ್ಯಾಟರಿ ಇಳಿಯುತ್ತಿದ್ದರೆ ನೆಗೆಟಿವ್ ಬಿಚ್ಚಿ ನಡುವೆ ಮಲ್ಟಿಮೀಟರ್ ಸೇರಿಸಿ ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೂ 50 ಮಿಲಿಆಂಪಿಗಿಂತ ಹೆಚ್ಚು ಹರಿದರೆ ಒಂದೊಂದೇ ಫ್ಯೂಸ್ ಕಿತ್ತು ಕಳ್ಳನನ್ನು ಹಿಡಿಯುತ್ತಾನೆ. (ಕಳ್ಳ ಅಲಾರಮ್ಮೇ ಆಗಿರುವುದೂ ಉಂಟು.)

ಹೊಸ ಕಾರಿಗೆ ಕಂಪನಿಯೇ ಇಮ್ಮೊಬಿಲೈಸರ್ ಕೊಡುವಾಗ ಇದೆಲ್ಲ ಏಕೆ ಎನ್ನಬಹುದು. ಅದು ಕಾರು ಒಯ್ಯುವವನನ್ನು ತಡೆದೀತು. ಶಿವಮೊಗ್ಗದ ಗಾಂಧಿಬಜಾರಿನ ಪಕ್ಕ ಗಾಜು ಒಡೆದು ಬ್ಯಾಗು ಎತ್ತುವವನಿಗೆ ಅದರ ಭಯವಿಲ್ಲ. ಅಲಾರಂ ಜೊತೆಗೆ ಗಿರಾಕಿ ಕೇಳುವ, ದೂರದಿಂದಲೇ ಕಾರು ಸ್ಟಾರ್ಟ್ ಮಾಡುವ ರಿಮೋಟ್ ಸ್ಟಾರ್ಟರ್ ವಿಷಯದಲ್ಲಿ ಮಾತ್ರ ನನ್ನ ಮೆಚ್ಚುಗೆ ಬೇಡವೆನ್ನುವ ಎಲೆಕ್ಟ್ರಿಷಿಯನ್ನನಿಗೇ: ಗೇರಿನಲ್ಲಿ ನಿಲ್ಲಿಸಿದ ಕಾರು ಸ್ಟಾರ್ಟಾದೊಡನೆ ಎದುರಿನ ಗೋಡೆಗೆ ನುಗ್ಗೀತೆಂದು ತಿಳಿಸಿ, ಕ್ಲಚ್ ಸ್ವಿಚ್ ಬೈಪಾಸ್ ಮಾಡಲು ಒಪ್ಪದೆ ಗಿರಾಕಿಯನ್ನು ಕಳಿಸಿಬಿಡುವವನಿಗೆ.