ಹಳೆಯ ಹೆಸರು, ಹೊಸ ಹುಟ್ಟು: ಉತ್ತಂಗಿ ಚನ್ನಪ್ಪನವರನ್ನು ಓದುತ್ತಾ

ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಹೆಸರೆತ್ತಿದೊಡನೆ ಎಲ್ಲರ ನೆನಪಿಗೆ ಬರುವುದು ಮೈಲಾರದ ಕಾರಣಿಕ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ವಾಕ್ಯ ನುಡಿದು ಆತ ಕೆಳಕ್ಕೆ ಧುಮುಕುತ್ತಾನೆ. ಆ ವಾಕ್ಯದಲ್ಲಿ ಮುಂದಿನ ವರ್ಷದ ಮಳೆ, ಬೆಳೆ, ರಾಜಕಾರಣಗಳನ್ನೆಲ್ಲ ಹುಡುಕುವ ಕೆಲಸ ಅಲ್ಲಿಂದಾಚೆಗೆ ಶುರುವಾಗುತ್ತದೆ. ಹೊಸತು ಹೊರಗಿನಿಂದಲೇ ಬರಬೇಕೆಂಬ ಈ ಕಾತರ ಜಾತ್ರೆಯ ಜನರದು ಮಾತ್ರವಲ್ಲ. ಡಿಸೆಂಬರ್ 31ರ ರಾತ್ರಿ ಪೂಜೆ ಮುಗಿಸಿ ಮನೆಗೆ ಹೋಗುವ ನಮ್ಮವರಲ್ಲೂ ಅದು ಧಾರಾಳವಾಗಿದೆ.

ಅದೇ ತಾಲ್ಲೂಕಿನಲ್ಲಿ ಉತ್ತಂಗಿ ಎಂಬ ಇನ್ನೊಂದು ಊರಿದೆ. ಅಲ್ಲಿ ಅಂಥ ಜನಸಾಗರವಿಲ್ಲ. ಆದರೆ ಹೊಸ ಹುಟ್ಟೆಂದರೇನು, ತಾನು ತಾನಾಗುವುದೆಂದರೇನು ಎಂಬ ಪ್ರಶ್ನೆಗೆ ಕನ್ನಡ ಕ್ರೈಸ್ತರಲ್ಲಿ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬರ ಹೆಸರಿನಲ್ಲಿ ಆ ಊರು ಉಳಿದುಕೊಂಡಿದೆ. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962).

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ. ಉತ್ತಂಗಿ ಅವರ ಪೂರ್ವಜರ ಊರು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು. ಬಾಬಿಲೋನಿನ ಸಿಂಹದ ಗವಿಯಿಂದ ಪಾರಾದ ಪ್ರವಾದಿಯೊಬ್ಬ ಧಾರವಾಡದ ಓಣಿಯಲ್ಲಿ ‘ಅಪ್ಪ’ನಾಗಿ ಮನೆಯವನೇ ಆಗಿಬಿಟ್ಟಿದ್ದಾನೆ. ಅವನ ಮಗನಾದರೋ ಬೈಬಲಿನ ಹೆಸರನ್ನೂ ಹೊರದೆ ಬರಿಯ ಚನ್ನಪ್ಪನಾಗಿಯೇ ಬಾಸೆಲ್ ಮಿಷನ್ನಿನ ಬೋಧಕನಾದ. ಮಕ್ಕಳಿಗೆ ಹೆಸರಿಡುವಾಗ ಉಚ್ಚರಿಸಲೂ ಬಾರದ ಪರದೇಶದ ಹೆಸರನ್ನು ತಂದರಷ್ಟೇ ದೀಕ್ಷಾಸ್ನಾನ ಸಂಪೂರ್ಣವಾಯಿತೆಂದು ನಂಬಿರುವ ತಂದೆತಾಯಂದಿರು ಈ ಸಾಲುಗಳನ್ನು ಇನ್ನೊಮ್ಮೆ ಓದಲಿ.

ಅವರು ಪ್ರೊಟೆಸ್ಟೆಂಟರಲ್ಲವೇ, ನಮ್ಮ ಪತ್ರಿಕೆಯಲ್ಲಿ ಅವರೇಕೆ ಎಂದು ಕೇಳುವವರಿರಬಹುದು. ಒಳ್ಳೆಯ ಬಾವಿಯ ನೀರಿಗೆ ಯಾರೂ ಪಂಗಡ ಕೇಳುವುದಿಲ್ಲ.

ಕನ್ನಡಿಗರು ಅವರನ್ನು ಬಲ್ಲುದು ಮುಖ್ಯವಾಗಿ 1924ರಲ್ಲಿ ಪ್ರಕಟವಾದ ‘ಸರ್ವಜ್ಞನ ವಚನಗಳು’ ಸಂಗ್ರಹದಿಂದ. ಸಭೆಯ ಕೆಲಸದ ನಡುವೆ ಓಲೆಗರಿಗಳಿಂದಲೂ ಜನರ ಬಾಯಿಂದಲೂ ತ್ರಿಪದಿಗಳನ್ನು ಒಂದೊಂದಾಗಿ ಆಯ್ದು ಅವರು ಸೇರಿಸಿದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ಈ ಮಾತನ್ನು ಬರಿಯ ವಿನಯವೆಂದು ಬಗೆಯುವವರುಂಟು, ನಾನು ಹಾಗೆ ಬಗೆಯಲಾರೆ. ಬೋಧಕನೆಂದರೆ ಕೊಡುವವನು, ಜನರೆಂದರೆ ಪಡೆಯುವವರು ಎಂಬುದು ಅಂದಿನ ರೂಢಿ, ಬಹುಮಟ್ಟಿಗೆ ಇಂದಿನದೂ. ಆ ಬೋಧಕನೇ ಜೋಳಿಗೆ ಹಿಡಿದು ಜನರ ಬಾಗಿಲಲ್ಲಿ ನಿಂತದ್ದು ಇಲ್ಲಿಯ ವಿಶೇಷ.

ವಿಮರ್ಶೆಯ ದೃಷ್ಟಿಯಿಂದ ಆ ಸಂಗ್ರಹದಲ್ಲಿ ಕೊರತೆಯಿಲ್ಲದಿಲ್ಲ. ಸರ್ವಜ್ಞನ ಅಂಕಿತವಿರುವುದೆಲ್ಲ ಸರ್ವಜ್ಞನದೇ ಆಗಬೇಕಿಲ್ಲ. ಜನಪ್ರಿಯ ಕವಿಯ ಹೆಸರಿನಲ್ಲಿ ಊರಿನ ಗಾದೆ, ಸಿಟ್ಟು, ಚೇಷ್ಟೆಗಳೆಲ್ಲ ಬಂದು ಕೂಡಿಕೊಳ್ಳುತ್ತವೆ. ಅಂಬಲೂರಿನ ಕುಂಬಾರಗಿತ್ತಿಗೂ ಮಾಸೂರಿನ ಬಸವರಸನಿಗೂ ಹುಟ್ಟಿದವನೆಂಬ ಕಥೆಯನ್ನು ಹೇಳುವ ತ್ರಿಪದಿಗಳ ಮೇಲೂ ವಿದ್ವಾಂಸರಿಗೆ ಶಂಕೆಯಿದೆ. ಉತ್ತಂಗಿಯವರ ಜರಡಿಯ ಕಣ್ಣು ತುಸು ದೊಡ್ಡದಾಯಿತೆಂದೇ ನನ್ನ ಅಭಿಪ್ರಾಯ. ಹಾಗಿದ್ದೂ ಆ ಕೆಲಸದ ಹಿಂದಿನ ನಂಬಿಕೆ ನನಗೆ ಮುಖ್ಯವಾಗಿ ಕಾಣುತ್ತದೆ. ಸಂಪಾದಕನು ಹೊಸ ಸರ್ವಜ್ಞನನ್ನು ಕಟ್ಟಲು ಹೊರಟವನಲ್ಲ. ಪ್ರತಿಕಾರರ ತಪ್ಪು, ಕಾಲದ ಧೂಳುಗಳ ಅಡಿಯಲ್ಲಿ ನಿಜವಾದ ಮೂಲವೊಂದಿದೆ, ತಾಳ್ಮೆಯಿದ್ದವನಿಗೆ ಅದು ಸಿಕ್ಕೀತು ಎಂದು ನಂಬಿದವನು. ಪಾಪಿಯೊಬ್ಬನ ಒಳಗೆ ದೇವರು ತನ್ನ ಹೋಲಿಕೆಯನ್ನು ಹುಡುಕುವ ಬಗೆಯೂ ಇದಕ್ಕೆ ದೂರದ್ದಲ್ಲ.

ಅವರು ಸಂಪಾದಿಸಿಕೊಟ್ಟ ಮೋಳಿಗೆ ಮಾರಯ್ಯ ಮತ್ತು ಅವನ ಮಡದಿ ಮಹಾದೇವಿಯ ವಚನಗಳು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಪರಂಪರೆಯ ಪ್ರಕಾರ ಮಾರಯ್ಯ ಕಾಶ್ಮೀರದ ಅರಸ. ಸಿಂಹಾಸನ ತೊರೆದು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರಿ ಬದುಕಿದ. ಇಷ್ಟಕ್ಕೇ ಕಥೆ ನಿಂತಿದ್ದರೆ ಅದೊಂದು ಸಾಮಾನ್ಯ ತ್ಯಾಗದ ಕಥೆಯಾಗುತ್ತಿತ್ತು. ಮುಂದೊಂದು ದಿನ ಅವನಿಗೆ ಇದನ್ನೂ ಬಿಟ್ಟು ದೇವರಲ್ಲಿ ಒಂದಾಗಿ ಹೋಗಬೇಕೆಂಬ ಹಂಬಲ ಹುಟ್ಟುತ್ತದೆ. ಆಗ ಅವನನ್ನು ತಡೆದು ತಿದ್ದುವವಳು ಮಡದಿ. ಹೋಗಿ ಸೇರುವುದಕ್ಕೆ ಬೇರೊಂದು ತಾಣವಿದೆ ಎಂಬ ಎಣಿಕೆಯನ್ನೇ ಅವಳು ಪ್ರಶ್ನಿಸುತ್ತಾಳೆ. ಅರಸುತನ ಬಿಟ್ಟವನಿಗೆ ‘ಇನ್ನೆಲ್ಲೋ’ ಎಂಬ ಆಸೆ ಬಿಟ್ಟಿರಲಿಲ್ಲ. ಊರು, ಉದ್ಯೋಗ, ಹೆಸರು ಬದಲಿಸುವುದು ಸುಲಭ, ಇದ್ದಲ್ಲೇ ಬದಲಾಗುವುದು ಕಷ್ಟ. ಸೌದೆ ಹೊತ್ತ ಮನೆಯ ಹೆಂಗಸು ಇದನ್ನು ಅರಸನಿಗಿಂತ ಮೊದಲೇ ಅರಿತಿದ್ದಳು. ನಮ್ಮ ಮನೆಗಳಲ್ಲೂ ಇಂಥ ಮಾತು ಹೇಳುವವರು ಸಾಮಾನ್ಯವಾಗಿ ಅಡುಗೆಮನೆಯಲ್ಲಿಯೇ ಇರುತ್ತಾರೆ.

ಸಂತ ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನಿ ಯೇಸುಸ್ವಾಮಿ ಪೇತ್ರನನ್ನು ಕಂಡದ್ದು ಹೊಸ ಊರಿನಲ್ಲಲ್ಲ. ಅದೇ ಸರೋವರ, ಅದೇ ದೋಣಿ, ಅದೇ ಬಲೆ. ಕರೆದದ್ದೂ ಯೊವಾನ್ನನ ಮಗ ಸಿಮೋನ ಎಂಬ ಹಳೆಯ ಹೆಸರಿನಿಂದಲೇ. ಕ್ರಿಸ್ತನಲ್ಲಿರುವವನು ಹೊಸ ಸೃಷ್ಟಿಯೆಂದು ಕೊರಿಂಥದವರಿಗೆ ಬರೆದ ಸಂತ ಪೌಲನೇ ರೋಮಿನವರಿಗೆ ಬರೆಯುವಾಗ ತಾನು ಅಬ್ರಹಾಮನ ವಂಶದವನೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾನೆ. ಇವೆರಡರಲ್ಲಿ ಅವನಿಗೆ ವಿರೋಧ ಕಾಣಲಿಲ್ಲ.

ಉತ್ತಂಗಿಯವರ 1921ರ ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಬೆತ್ಲೆಹೇಮು ಇಲ್ಲಿ ಆಜ್ಞೆ ಮಾಡುವುದಿಲ್ಲ, ವಿನಂತಿಸುತ್ತದೆ. ಕೊಟ್ಟಿಗೆಯಲ್ಲಿ ಹುಟ್ಟಿದವನ ಊರಿಗೆ ಒಪ್ಪುವ ಧ್ವನಿಯೂ ಅದೇ. ಮುಂದೆ ಅನುಭವ ಮಂಟಪವು ಬರಿಯ ಕಲ್ಪನೆಯೆಂಬ ವಾದವೆದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಪುಸ್ತಕ ಬರೆದವರಲ್ಲಿ ಈ ಕ್ರೈಸ್ತ ಬೋಧಕರೂ ಒಬ್ಬರು. ಹಾಗಾದರೆ ನೀವು ಯಾರವರು ಎಂಬ ಪ್ರಶ್ನೆ ಅಂಥವರ ಸುತ್ತ ಏಳುವುದು ಸಹಜ. ಇಂದಿನ ದಿನಗಳಲ್ಲಿ ನಮ್ಮ ಕಾಲೇಜು ಮಕ್ಕಳಿಗೂ ಸಹಪಾಠಿಗಳು ಅದನ್ನೇ ಕೇಳುತ್ತಾರೆ, ಕೆಲವೊಮ್ಮೆ ಕುತೂಹಲದಿಂದ, ಕೆಲವೊಮ್ಮೆ ಕುಹಕದಿಂದ. ಕ್ರೈಸ್ತರಾದುದರಿಂದ ನೀವು ಈ ಮಣ್ಣಿನವರಾಗಿ ಉಳಿದಿಲ್ಲ ಎಂಬುದು ಆ ಮಾತಿನ ಒಳಾರ್ಥ. ವಾದ ಮಾಡಿ ಗೆಲ್ಲುವ ಆತುರ ಉತ್ತಂಗಿಯವರಿಗಿರಲಿಲ್ಲವೆಂದು ಅವರ ಕೃತಿಗಳ ಸಾಲೇ ಹೇಳುತ್ತದೆ. ಕ್ರಿಸ್ತನನ್ನು ಬಿಡದೆ ಶರಣರನ್ನು ಓದಿದರು. ಓದಿದ್ದನ್ನು ನಾಡಿಗೇ ಹಿಂದಿರುಗಿಸಿದರು.

1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಬಳ್ಳಾರಿ ಧರ್ಮಕ್ಷೇತ್ರ ರೂಪುಗೊಂಡದ್ದೂ ಅದೇ ವರ್ಷ. ಅವರು ತೀರಿಕೊಂಡ 1962ರಲ್ಲಿಯೇ ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಮಹಾಸಭೆ ಘೋಷಿಸಿದ್ದು 1965ರಲ್ಲಿ. ನಾವು ಗುರುಮಠದಲ್ಲಿ ಆ ಪ್ರಕಟಣೆಯನ್ನು ಪಾಠವಾಗಿ ಓದಿದೆವು. ಅದು ಹೊರಡುವುದಕ್ಕೆ ನಾಲ್ಕು ದಶಕಗಳ ಮೊದಲೇ ಉತ್ತಂಗಿಯವರ ಸರ್ವಜ್ಞ ಅಚ್ಚಾಗಿ ಮನೆಮನೆ ಸೇರಿದ್ದ.