ಒಂದು ಕಾಡತೂಸಿನ ಹೊಟ್ಟೆಯಲ್ಲಿ ಇನ್ನೊಂದು

ಒಂದು ಅಳತೆಯ ಕಾಡತೂಸಿನ ಹಿತ್ತಾಳೆ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ, ಕುತ್ತಿಗೆ ಕಿರಿದುಮಾಡಿ ಇಲ್ಲವೆ ಹಿಗ್ಗಿಸಿ, ಬಾಯಿ ಕತ್ತರಿಸಿ, ಬೇರೊಂದು ರೈಫಲ್ಲಿಗೆ ಹೊಂದಿಸುವ ಕಸುಬಿಗೆ ಒಂದೂವರೆ ಶತಮಾನದ ವಯಸ್ಸು. ತಯಾರಿಕೆ ನಿಂತುಹೋದ ಕಾಡತೂಸುಗಳ ಹಳೆಯ ರೈಫಲ್ಲುಗಳು ಇಂದಿಗೂ ಗುಂಡು ಹಾರಿಸುತ್ತಿದ್ದರೆ ಅದಕ್ಕೆ ಈ ಕಸುಬೇ ಕಾರಣ. ಅದರ ಅತ್ಯುತ್ತಮ ಕೆಲಸ ಹುಟ್ಟಿದ್ದು ಮಾತ್ರ ಹಿಂದುಸ್ತಾನದ ಮೇಲೆ ಹೇರಿದ ಒಂದು ನಿಷೇಧದಿಂದ.

ಆ ನಿಷೇಧದ ಹಿಂದಿದ್ದ ಭಯವನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೆರೆಯ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು 1857ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಮಣಿಯದೆ ಹತಾರ ಒಪ್ಪಿಸುವುದಿಲ್ಲ ಎಂದರು. ಇಂಗ್ಲಿಷರ ದಂಡು ಊರಿಗೆ ಬೆಂಕಿ ಇಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಜಡಗ, ಬಾಲ, ಹನುಮ, ರಾಮರ ಹೆಸರನ್ನು ಲಾವಣಿ ಉಳಿಸಿಕೊಂಡಿತು. 1878ರ ಶಸ್ತ್ರ ಕಾಯ್ದೆ ಅದೇ ಭಯವನ್ನು ಇಡೀ ದೇಶದ ಕಾನೂನು ಮಾಡಿತು. 1907ರಲ್ಲಿ ಭಯ ಇನ್ನೂ ಸೂಕ್ಷ್ಮವಾಯಿತು: ಹಿಂದುಸ್ತಾನದಲ್ಲಿಯೂ ಸುಡಾನಿನಲ್ಲಿಯೂ ಖಾಸಗಿಯವರು .450 ಅಳತೆಯ ಕಾಡತೂಸು ಬಳಸುವಂತಿಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನದೂ ಅದೇ ಅಳತೆ. ಶಿಕಾರಿಯ ಗುಂಡು ಬಂಡಾಯಗಾರರ ನಳಿಗೆಗೆ ಸೇರೀತು ಎಂಬುದು ಸರಕಾರದ ಚಿಂತೆ.

ಆ ಮಾರ್ಟಿನಿ-ಹೆನ್ರಿಯ ಕಾಡತೂಸೇ ಬೇರೊಂದರ ಸಂತಾನ. ಸ್ನೈಡರ್ ಬಂದೂಕಿನ .577 ಕೊಳವೆಯ ಕುತ್ತಿಗೆಯನ್ನು .450ಕ್ಕೆ ಇಳಿಸಿ ಅದನ್ನು ರೂಪಿಸಿದ್ದರು. ಲೆಕ್ಕಕ್ಕೆ ಸರಿಯಿದ್ದ ಆಕಾರ, ಕೆಲಸದಲ್ಲಿ ಕೈಕೊಟ್ಟಿತು. ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡಿದ ಆ ಕೊಳವೆ ಬಿಸಿಯಲ್ಲೂ ಮರಳಿನಲ್ಲೂ ನಳಿಗೆಗೆ ಅಂಟಿಕೊಳ್ಳುತ್ತಿತ್ತು. 1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲೀ ಕಾಳಗದಲ್ಲಿ ಬಂದೂಕುಗಳು ಸಿಕ್ಕಿಹಾಕಿಕೊಂಡು ಸೈನಿಕರು ಅದರ ಬೆಲೆ ತೆತ್ತರು. ತಾಯಿಕೊಳವೆಯ ದೌರ್ಬಲ್ಯ ಕುತ್ತಿಗೆ ಕಿರಿದು ಮಾಡಿದ ಮಾತ್ರಕ್ಕೆ ಹೋಗುವುದಿಲ್ಲ. ಈ ಕಸುಬನ್ನು ಅಳೆಯುವ ನನ್ನ ಮೊದಲ ಒರೆಗಲ್ಲು ಇದೇ.

ಅದಕ್ಕೆ ಹೋಲಿಸಿದರೆ 1907ರ ನಂತರದ ಕೆಲಸ ಎಷ್ಟು ಹದವಾಗಿದೆ! ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ .500 ನೈಟ್ರೊ ಎಕ್ಸ್‌ಪ್ರೆಸ್ ಕೊಳವೆಯನ್ನೇ ತಾಯಿಯಾಗಿಟ್ಟುಕೊಂಡು ಅದರ ಕುತ್ತಿಗೆಯನ್ನು .465ಕ್ಕೆ ಇಳಿಸಿತು. ಜೋಸೆಫ್ ಲ್ಯಾಂಗ್ ಕಂಪನಿ ಅದೇ ತಾಯಿಯಿಂದ .470 ಪಡೆಯಿತು. ಎರಡೂ ನಿಷೇಧದ ಅಳತೆಗೆ ಹೊರಗೆ, ಬಲದಲ್ಲಿ .450ಕ್ಕೆ ಸಮ. ಅಗಲ ಹೊಟ್ಟೆಯ ಆ ಕೊಳವೆಯಲ್ಲಿ ಮದ್ದಿನ ಒತ್ತಡ ಕಡಿಮೆ. ನಮ್ಮ ಬೇಸಿಗೆಯಲ್ಲಿ ಕಾರ್ಡೈಟ್ ಮದ್ದು ಬಿಸಿಯೇರಿ ಒತ್ತಡ ಹೆಚ್ಚಿದರೂ ಖಾಲಿ ಕೊಳವೆ ಸಲೀಸಾಗಿ ಹೊರಬರುತ್ತಿತ್ತು. ತಾಯಿಯನ್ನು ಆರಿಸುವಾಗಲೇ ಹವೆಯನ್ನೂ ಲೆಕ್ಕಕ್ಕೆ ಹಿಡಿದವರ ಕೆಲಸ ಇದು. ಇದನ್ನು ಮನಸಾರೆ ಮೆಚ್ಚುತ್ತೇನೆ, ಹಲಗಲಿಯ ಸುಟ್ಟ ಮನೆಗಳನ್ನು ಮರೆಯದೆ.

ಆಕಾರಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಲೋಹದ ಒಳಗಿನ ಬಿಗುವನ್ನು. ಕಾಡತೂಸಿನ ಹಿತ್ತಾಳೆಯಲ್ಲಿ ತಾಮ್ರ 70, ಸತುವು 30 ಪಾಲು. ಒತ್ತಿದಷ್ಟೂ ಅದು ಗಡುಸಾಗುತ್ತದೆ, ಒಳಗೆ ಬಿಗುವು ಉಳಿಸಿಕೊಳ್ಳುತ್ತದೆ. ಕಂಚುಗಾರರು ಕೊಡ ಬಡಿಯುವಾಗ ನಡುನಡುವೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುವುದು ಇದಕ್ಕಾಗಿಯೇ. ಹಿಂದುಸ್ತಾನದ ಸೈನ್ಯಕ್ಕೆ ಈ ಪಾಠ ಮಳೆಗಾಲದಲ್ಲಿ ಸಿಕ್ಕಿತು. ಕುದುರೆ ಲಾಯಗಳಲ್ಲಿ ಇಟ್ಟಿದ್ದ ಕಾಡತೂಸುಗಳು, ಯಾರೂ ಮುಟ್ಟದಿದ್ದರೂ, ತಾವಾಗಿ ಸೀಳಿದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ, ಮಳೆಯ ತೇವ, ತಯಾರಿಕೆಯಲ್ಲಿ ಉಳಿದ ಬಿಗುವು: ಮೂರೂ ಸೇರಿದರೆ ಹಿತ್ತಾಳೆ ಬಿರಿಯುತ್ತದೆ ಎಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ವಿವರಿಸಿದರು. ಹದವಾಗಿ ಕಾಯಿಸಿದರೆ ಬಿಗುವು ಇಳಿಯುತ್ತದೆ. ಕಾಯಿಸುವುದೂ ಕುತ್ತಿಗೆಯನ್ನಷ್ಟೇ, ಬುಡ ಮೆತ್ತಗಾದರೆ ಮದ್ದಿನ ಒತ್ತಡವನ್ನು ತಡೆಯುವವರಿಲ್ಲ, ಅಪಾಯ ಬಂದೂಕು ಹಿಡಿದವನ ಮುಖಕ್ಕೆ. ನುಣುಪಾಗಿ ಹೊಳೆಯುವ ಹೊಸ ಕೊಳವೆಯ ಹದ ತಪ್ಪಿದ್ದರೆ ಕಣ್ಣಿಗೆ ಅದು ಕಾಣುವುದಿಲ್ಲ. ಈ ಕಸುಬನ್ನು ಹೊಗಳಿ ಬರೆಯುವವರು ಅಚ್ಚಿನ ಬಗ್ಗೆ ಪುಟ ತುಂಬಿಸಿ ಬೆಂಕಿಯನ್ನು ಒಂದು ಸಾಲಿನಲ್ಲಿ ಮುಗಿಸುವುದನ್ನು ಒಪ್ಪಲಾರೆ.

ನಮ್ಮಲ್ಲಿ ಪರವಾನಗಿ ಪಡೆದವರಿಗೆ ಪರಿಚಿತವಾದ .315 ರೈಫಲ್ಲಿನದೂ ಸೈನ್ಯದ ಅಳತೆಗಳನ್ನು ಖಾಸಗಿಯವರಿಗೆ ನಿಷೇಧಿಸಿದ ಅದೇ ನೀತಿಯ ಕಥೆ. ಸೈನ್ಯದ .303 ಜನರ ಕೈಗೆ ಸಿಗಬಾರದೆಂದು ಆಸ್ಟ್ರಿಯಾದ ಮ್ಯಾನ್‌ಲಿಕರ್ ಕಾಡತೂಸನ್ನು ಲೀ-ಎನ್‌ಫೀಲ್ಡ್ ಬಂದೂಕಿಗೆ ಹೊಂದಿಸಿದರು. ಇಲ್ಲಿ ಅದನ್ನು ಸರಕಾರಿ ಕಾರ್ಖಾನೆ ತಯಾರಿಸಿತು. ಹೊರದೇಶಗಳಲ್ಲಿ ಅದೇ ಮ್ಯಾನ್‌ಲಿಕರ್ ಕೊಳವೆಯನ್ನು ಹವ್ಯಾಸಿಗಳು ರಷ್ಯಾದ 7.62×54 ಕೊಳವೆಯಿಂದ ಮಾಡಿಕೊಳ್ಳುತ್ತಾರೆ. ಕೊಳವೆಯ ರೂಪ ಬದಲಾದರೂ ಬುಡದಲ್ಲಿ ತಾಯಿಯ ಅಳತೆಯ ಮುದ್ರೆ ಹಾಗೇ ಉಳಿಯುತ್ತದೆ. ಪೆಟ್ಟಿಗೆ ಬದಲಾಗಿ, ಒಡೆಯ ತೀರಿಹೋಗಿ, ಮಗನ ಕೈಗೆ ಬಂದಾಗ ಆ ಮುದ್ರೆ ಸುಳ್ಳು ಹೇಳುತ್ತದೆ. ಬುಡದ ಮೇಲೆ ಹೊಸ ಗುರುತು ಕೊರೆಯದವನು ಎಷ್ಟೇ ಚೆಂದ ಮಾಡಿದ್ದರೂ ಕೆಲಸ ಅರ್ಧಕ್ಕೆ ಬಿಟ್ಟಂತೆಯೇ.

ಭಾರತದಲ್ಲಿ ಪರವಾನಗಿಯಿಲ್ಲದೆ ಕಾಡತೂಸು ತಯಾರಿಸುವುದು 1959ರ ಶಸ್ತ್ರ ಕಾಯ್ದೆಯಡಿ ಅಪರಾಧ. ಹಲಗಲಿಯವರ ಪರ ನಿಲ್ಲುವ ನಾನು ಈ ನಿಯಮದ ಪರವೂ ನಿಲ್ಲುತ್ತೇನೆ. ಅಂದಿನ ಕಾಯ್ದೆ ಹೊರಗಿನ ದೊರೆ ಜನರಿಗೆ ಹೆದರಿ ಮಾಡಿದ್ದು. ಇಂದಿನದನ್ನು ನಮ್ಮದೇ ಸಂಸತ್ತು ಮಾಡಿದೆ, ಬದಲಿಸಬೇಕೆನಿಸಿದರೆ ಬದಲಿಸುವ ಅಧಿಕಾರವೂ ನಮ್ಮಲ್ಲಿದೆ. 1972ರ ವನ್ಯಜೀವಿ ಕಾಯ್ದೆಯ ನಂತರ .465, .470ಗಳಿಗೆ ಇಲ್ಲಿ ಬೇಟೆಯ ಕೆಲಸವೂ ಉಳಿದಿಲ್ಲ. ಹಳೆಯ ಮನೆತನಗಳಲ್ಲಿ ಅಂಥ ರೈಫಲ್ಲುಗಳಿದ್ದರೆ ಅವುಗಳ ಖಾಲಿ ಕೊಳವೆಗಳನ್ನೂ ಬುಡದ ಮುದ್ರೆ ಅಳಿಸದಂತೆ ಜೊತೆಗೇ ಕಾದಿಡಬೇಕು. ಯಾವ ತಾಯಿಯಿಂದ ಯಾವುದು ಬಂತೆಂಬ ದಾಖಲೆ ಇರುವುದು ಅಲ್ಲಿಯೇ.